ಕೈಗೂ ಹಣೆಗೂ ನಡುವೆ

ಅಶೋಕಪುರಂ ರೈಲ್ವೆ ವರ್ಕ್‌ಶಾಪಿನ ಗೇಟಿನೆದುರು,
ಹೊಂಗೆಮರದ ಬುಡದಲ್ಲಿ, ನನ್ನ ಗಂಡನ ಪೆಟ್ಟಿಗೆ:
ರಂಪಿಗೆ, ಉಳಿ, ಮೇಣದುಂಡೆ, ಮೂರುಕಾಲಿನ ಅಚ್ಚು.
ಅವನು ಹೋದ ನಾಲ್ಕನೇ ದಿನ ಬೀಗ ತೆಗೆದೆ.
ಅತ್ತಿದ್ದು ಆಮೇಲೆ. ಯಾವತ್ತು ಅಂತ ನೆನಪಿಲ್ಲ.

ಒಂದು ಗುರುವಾರ ಸಂಜೆ, ಸೈರನ್ ಆದ ಮೇಲೆ,
ಫೋರ್‌ಮನ್ ಆಷ್ಟಮಕರ್ ಸಾಹೇಬರು ಬಂದು
ಮಖಮಲ್ ಚೀಲದಿಂದ ಎರಡು ಕರೀ ಡಬ್ಬಿ ತೆಗೆದರು,
ಬೆಂಕಿಪೊಟ್ಟಣಕ್ಕಿಂತ ತುಸು ದಪ್ಪ, ಉದ್ದುದ್ದ ಬಾರು.
ಬಾರಿನ ಕಪ್ಪು ಅಲ್ಲಲ್ಲಿ ಹಾರಿ
ಒಳಗಿನ ಬಿಳಿಚು ತೊಗಲು ಕಾಣುತ್ತಿತ್ತು.

"ಕೊಡಿ ಬುದ್ಧೀ, ಹತ್ತು ನಿಮಿಷ" ಅಂದೆ.
ಕೊಡಲಿಲ್ಲ.
ಕೊಡದೆ ಇರೋ ಕೈ ಹೇಗಿರುತ್ತೆ ಅಂತ ನನಗೆ ಗೊತ್ತು:
ನೀರನ್ನ ಮೇಲಿಂದ ಹುಯ್ಯೋ ಕೈ,
ಚಿಲ್ಲರೆಯನ್ನ ಕಲ್ಲಿನ ಮೇಲಿಟ್ಟು ಹಿಂದೆ ಸರಿಯೋ ಕೈ.

ಈ ಮನುಷ್ಯ ನೋಡಿದರೆ ನನ್ನ ಗೋಣಿತಾಟಿನ ಮೇಲೆ
ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು.
"ಬಣ್ಣ ನಾನೇ ಹಚ್ಚಬೇಕು ನಿಂಗಾಜಮ್ಮ, ನಮ್ಮ ಯೆಹೂದಿ ಕಟ್ಟಳೆ.
ಯಾತಕ್ಕೆ ಅಂತ ಮನಸ್ಸಲ್ಲಿಟ್ಟುಕೊಂಡು ಹಚ್ಚಬೇಕು.
ಹೆಂಗೆ ಹಚ್ಚೋದು, ಅದು ಗೊತ್ತಿಲ್ಲ."
ಯಾತಕ್ಕೆ ಅನ್ನೋದು ಅವರದು, ಹೆಂಗೆ ಅನ್ನೋದು ನನ್ನದು.
ಓಟದ ಎದುರಿಗೆ ಉಜ್ಜಬೇಡಿ ಅಂದೆ,
ತೊಗಲು ಇನ್ನೂ ದನದ ಬೆನ್ನನ್ನ ಮರೆತಿರೋದಿಲ್ಲ.

"ಇದನ್ನ ಎಲ್ಲಿಗೆ ಕಟ್ಟೋದು?"
"ಒಂದು ಎಡರಟ್ಟೆಗೆ, ಎದೆ ಕಡೆ ವಾಲಿಸಿ.
ಒಂದು ಹಣೆ ಮೇಲೆ, ಕೂದಲು ಶುರುವಾಗೋ ಕಡೆ."
"ಹಣೆ ಮೇಲಾ? ತೊಗಲನ್ನಾ?"
ನಾವು ಹೊಲಿದದ್ದನ್ನ ಜನ ಗುಡಿ ಬಾಗಿಲಾಚೆ ಬಿಡ್ತಾರೆ.
ನಗು ಬಂತು, ನಿಲ್ಲಲೇ ಇಲ್ಲ,
ಸೆರಗಿನಿಂದ ಕಣ್ಣೊರೆಸಿಕೊಳ್ಳಬೇಕಾಯಿತು.

"ಹಂಗಾದ್ರೆ ಹಣೇದು ಬುದ್ಧಿ, ರಟ್ಟೇದು ಎದೆ?"
"ಹೌದು. ನನ್ನ ಮಾತ್ರ ಬುದ್ಧಿ ಅನ್ನಬೇಡಿ.
ಅದು ದಿನಾ ಬೆಳಿಗ್ಗೆ ಕಟ್ಟಿಕೊಳ್ಳೋದು, ಮೈಯಲ್ಲಿ ಹುಟ್ಟಿದ್ದಲ್ಲ.
ಮೊದಲು ಕೈ. ಯಾವತ್ತೂ ಕೈಯೇ ಮೊದಲು.
ಕೈಗೆ ಕಟ್ಟಿ ಹಣೆಗೆ ಕಟ್ಟೋ ತನಕ ಮಾತಾಡೋ ಹಾಗಿಲ್ಲ,
ಹಾಲಿನವನು ಕೂಗಿದರೂ ಓ ಅನ್ನೋ ಹಾಗಿಲ್ಲ."

"ಎಲ್ಲಾ ಕಟ್ಟಿದ ಮೇಲೂ ಎದೆ ಬರದೆ ಹೋದರೆ?"

ಕುಂಚವನ್ನ ಸೀಸೆ ಬಾಯಿಗೆ ಒರೆಸಿ, ಮತ್ತೆ ಒರೆಸಿ,
"ರಿಬ್ಕಾ ಹೋಗಿ ಹನ್ನೊಂದು ತಿಂಗಳು" ಅಂದರು.
"ಕೈ ಏಳುತ್ತೆ, ಬಾರು ಸುತ್ತುತ್ತೆ, ಬಾಯಿ ಹೇಳುತ್ತೆ.
ಎದೆ ಚಾಮರಾಜನಗರದ ಪ್ಯಾಸೆಂಜರು,
ನಂಜನಗೂಡಲ್ಲೇ ನಿಂತಿದೆ, ಸಿಗ್ನಲ್ ಬಿದ್ದಿಲ್ಲ.
ಬೆರಳಿಗೆ ಮೂರು ಸುತ್ತು ಸುತ್ತುವಾಗ
ದೇವರು ಜನರನ್ನ ಮದುವೆಯಾಗೋ ಮಾತೊಂದಿದೆ.
ಅಲ್ಲಿ ನನ್ನ ಬಾಯಿಗೆ ಅವಳ ಹೆಸರೇ ಬರುತ್ತೆ.
ಸತ್ತವರಿಗೆ ಅಂತ ಹೇಳೋ ಮಾತು ಬೇರೆ ಇದೆ,
ಅದಕ್ಕೆ ಹತ್ತು ಗಂಡಸರು ಸೇರಬೇಕು.
ಮೈಸೂರಲ್ಲಿ ನನಗೆ ಒಂಬತ್ತು ಕಮ್ಮಿ."

ಆಮೇಲೆ ಇದನ್ನೂ ಹೇಳಿದರು:
ಹೆಣ ಮಣ್ಣಾಗೋ ತನಕ ಇದನ್ನ ಕಟ್ಟೋ ಹಾಗಿಲ್ಲವಂತೆ,
ಪ್ರಾರ್ಥನೆಯೂ ಬೇಡವಂತೆ. ಆ ಹೊತ್ತು
ಮನುಷ್ಯ ಮನೆಯೊಳಗೆ ಇರೋದಿಲ್ಲ ಅಂತ
ಹಿರೀಕರಿಗೆ ಗೊತ್ತಿತ್ತಂತೆ.

ನನಗೆ ಸಿಟ್ಟು ಬಂತು.
ನಿಮ್ಮ ದೇವರು ರಜ ಕೊಟ್ಟ. ನನ್ನ ಹೊಟ್ಟೆ ಕೊಡಲಿಲ್ಲ.
ಯಾರದೋ ಕಿತ್ತ ಹವಾಯಿ ಚಪ್ಪಲಿಗೆ
ಮೊದಲ ಹೊಲಿಗೆ ಹಾಕುವಾಗ ನನ್ನ ಎದೆ ಎಲ್ಲಿತ್ತು?
ಇದನ್ನ ಬಾಯಿಬಿಟ್ಟು ಅಂದೆನೋ ಇಲ್ಲವೋ.
"ಕೈ ಮೊದಲು ಹೋಗಿತ್ತಲ್ಲ ನಿಂಗಾಜಮ್ಮ" ಅಂದರು.
ಅದು ಸಮಾಧಾನದ ಮಾತು ಅನ್ನಿಸಲಿಲ್ಲ.
ಈಗಲೂ ಪೂರ್ತಿ ಅನ್ನಿಸಿಲ್ಲ.

ಬಾರು ಒಣಗಬೇಕಿತ್ತು.
ಹೊಂಗೆ ಕೊಂಬೆಗೆ ನೇತುಹಾಕಲು ಹೋದೆ,
ನೇತುಹಾಕೋ ಹಾಗಿಲ್ಲ ಅಂದರು, ಒಂದು ಗಳಿಗೆ ಯೋಚಿಸಿ
ಒಂದು ತುದಿ ನನ್ನ ಕೈಗೆ ಕೊಟ್ಟರು.
ಡಬ್ಬಿ ಅವರ ಅಂಗೈಯಲ್ಲಿ, ಬಾರು ನಮ್ಮಿಬ್ಬರ ನಡುವೆ,
ಜೂನ್ ತಿಂಗಳ ಗಾಳಿ.
ಟೀ ಹುಡುಗ ಬಂದು ನಿಂತ, ನಾಲ್ಕು ಕೈಯ ಉಗುರನ್ನೂ ನೋಡಿದ,
ಲೋಟ ಯಾರಿಗೆ ಕೊಡಲಿ ಅಂತ ಕೇಳಿದ.
ನಾವಿಬ್ಬರೂ ಮಾತಾಡಲಿಲ್ಲ.